ಡಬ್ಬಿಯ ಚೀಟಿಯಲ್ಲ, ಫಿಲ್ಮಿನ ಅಂಚು ನೋಡಿ: ಯುದ್ಧಕಾಲದ ಸರ್ಕಾರಿ ಸುರುಳಿಗಳನ್ನು ನಾನು ಪರೀಕ್ಷಿಸುವ ಕ್ರಮ

ಎರಡನೇ ಮಹಾಯುದ್ಧದ ಕಾಲದ ಸರ್ಕಾರಿ ಸಾಕ್ಷ್ಯಚಿತ್ರದ ಡಬ್ಬಿ ತೆರೆದಾಗ ಮೊದಲು ವಾಸನೆ ನೋಡುತ್ತೇನೆ. ವಿನಿಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ಸುಲಭವಾಗಿ ಹೊತ್ತಿಕೊಳ್ಳದ ಫಿಲ್ಮ್, ಹಾಳಾಗುತ್ತಿದೆ ಎಂದರ್ಥ. ಮೂಗಿಗೆ ಹೊಡೆಯುವ ಘಾಟು, ಅಂಟಂಟು, ಕಂದು ಪುಡಿ ಕಂಡರೆ ಅದು ನೈಟ್ರೇಟ್, ಬೇಗ ಬೆಂಕಿ ಹಿಡಿಯುವ ಹಳೆಯ ಬಗೆಯ ಫಿಲ್ಮ್. 35 ಎಂಎಂ ಫಿಲ್ಮ್ 1950ರ ದಶಕದ ಆರಂಭದವರೆಗೂ ನೈಟ್ರೇಟ್ ಆಗಿರುವ ಸಾಧ್ಯತೆ ಇದೆ. ಉರಿಯುವಾಗ ಅದು ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ಗಾಳಿ ತಡೆದರೂ ಆರುವುದಿಲ್ಲ. ಅಂಥ ಡಬ್ಬಿಯನ್ನು ಬೇರೆ ಡಬ್ಬಿಗಳಿಂದ ಆಗಲೇ ದೂರ ಮಾಡಿ.

ಅಂಚಿನಲ್ಲಿ 'ಸೇಫ್ಟಿ' (ಅಸಿಟೇಟ್‌ನ ಗುರುತು) ಎಂದಿದೆ, ಭಯವಿಲ್ಲ ಎಂದು ನೆಮ್ಮದಿಯಾಗುವವರು ಬಹಳ. ಅಲ್ಲೇ ಎಡವುವುದು. ಪ್ರಿಂಟಿನ, ಅಂದರೆ ನೆಗೆಟಿವ್‌ನಿಂದ ತೆಗೆದ ಪ್ರದರ್ಶನದ ಪ್ರತಿಯ, ಸ್ವಂತ ಬರಹ ತಿಳಿಯಾದ ಅಂಚಿನ ಮೇಲೆ ಕಪ್ಪಾಗಿರುತ್ತದೆ. ಕಪ್ಪು ಪಟ್ಟಿಯ ಮೇಲೆ ಬೆಳ್ಳಗೆ ಕಾಣುವ ಅಕ್ಷರ ನೆಗೆಟಿವ್‌ನಿಂದ ಇಳಿದು ಬಂದದ್ದು. ಕೈಯಲ್ಲಿರುವ ಫಿಲ್ಮಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಸವಿಗೂ ಇದೇ ಮಾತು. ಫಿಲ್ಮ್ ತಯಾರಾದ ಇಸವಿ ಸೂಚಿಸಲು ಅಂಚಿನಲ್ಲಿ ಹಾಕುತ್ತಿದ್ದ ಕೊಡ್ಯಾಕ್‌ನ ವೃತ್ತ, ಚೌಕ, ತ್ರಿಕೋನ ಗುರುತುಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿದ್ದವು. 1943ರ ಗುರುತೇ 1963ರಲ್ಲೂ ಇದೆ. ಹಾಗಾಗಿ ಗುರುತಿನ ಜೊತೆಗೆ ಬರಹದ ಬಣ್ಣ, ಫಿಲ್ಮಿನ ಬಗೆ ಎರಡನ್ನೂ ಬರೆದುಕೊಳ್ಳುತ್ತೇನೆ.

ನಮ್ಮ ದೇಶದ ಸುರುಳಿಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1943ರಲ್ಲಿ ಬ್ರಿಟಿಷ್ ಸರ್ಕಾರ ಸಾಕ್ಷ್ಯಚಿತ್ರ ತಯಾರಿಸುವ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಮತ್ತು ವಾರ್ತಾಚಿತ್ರ ತಯಾರಿಸುವ ಇಂಡಿಯನ್ ನ್ಯೂಸ್ ಪರೇಡ್ ನಡೆಸುತ್ತಿತ್ತು. ಪ್ರತಿ ಪ್ರದರ್ಶನದಲ್ಲೂ 2000 ಅಡಿವರೆಗಿನ ಅನುಮೋದಿತ ಚಿತ್ರ ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಯಿತು. 1946ರಲ್ಲಿ ಇವೆರಡೂ ಮುಚ್ಚಿದವು. ಸ್ವತಂತ್ರ ಭಾರತ ಸರ್ಕಾರದ ಸಾಕ್ಷ್ಯಚಿತ್ರ ಘಟಕ ಫಿಲ್ಮ್ಸ್ ಡಿವಿಷನ್ ಶುರುವಾದದ್ದು 1948ರಲ್ಲಿ. ಯುದ್ಧಕಾಲದ ತುಣುಕನ್ನು ಮುಂದೆ ಬೇರೆ ಉದ್ದೇಶಕ್ಕೆ, ಬೇರೆ ನಿರೂಪಣೆಯೊಂದಿಗೆ ಸೇರಿಸಿದಾಗ, ಡಬ್ಬಿಯ ಚೀಟಿಯಲ್ಲಿ ಉಳಿಯುವುದು ಒಂದೇ ಇಸವಿ.

ಸೇರಿಸಿದ ತುಣುಕನ್ನು ಗುರುತಿಸಲು ದೂಳು ನೆರವಾಗುತ್ತದೆ. ಪರದೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುವ ದೂಳು ನೆಗೆಟಿವ್‌ನದು, ಕಪ್ಪು ಚುಕ್ಕೆ ಪ್ರಿಂಟಿನದು. ಒಂದು ಶಾಟ್‌ನಲ್ಲಿ ಮಾತ್ರ ಎರಡೂ ತುಂಬಿದ್ದು, ಕಣ ಒರಟಾಗಿ, ಬೆಳಕು-ನೆರಳಿನ ಅಂತರ ಗಡುಸಾಗಿದ್ದರೆ ಅದು ಬಹುತೇಕ ಪ್ರಿಂಟಿನಿಂದ ತೆಗೆದ ನಕಲು. ಯುದ್ಧಭೂಮಿಯಲ್ಲಿ ಬಳಕೆಯಲ್ಲಿದ್ದ ಐಮೊ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 100 ಅಡಿ ಫಿಲ್ಮ್ ಹಾಕುತ್ತಿದ್ದರು, ಅಂದರೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಧ್ವನಿ ಅದರಲ್ಲಿ ದಾಖಲಾಗುತ್ತಿರಲಿಲ್ಲ. ಆ ಚಿತ್ರಗಳಲ್ಲಿ ಕೇಳುವ ಫಿರಂಗಿ ಶಬ್ದ ಆಮೇಲೆ ಸೇರಿಸಿದ್ದು, ಅದನ್ನು ಸ್ಥಳದ ಸಾಕ್ಷಿ ಎಂದು ಬರೆಯಬಾರದು.

ಇನ್ನು ಅಳತೆ. 35 ಎಂಎಂ ಪ್ರಿಂಟಿನಲ್ಲಿ ಪಕ್ಕಪಕ್ಕದ ತೂತುಗಳ ಅಂತರ 4.75 ಮಿಲಿಮೀಟರ್, 100 ಅಂತರಕ್ಕೆ 475. ಅಳೆದಾಗ 470.25 ಬಂದರೆ ಶೇ. 1ರಷ್ಟು ಕುಗ್ಗಿದೆ, ಅದನ್ನು ಪ್ರೊಜೆಕ್ಟರ್‌ಗೆ ಹಾಕುವುದಿಲ್ಲ, ಹಲ್ಲಿನ ಚಕ್ರ ತೂತುಗಳನ್ನು ಹರಿದುಬಿಡುತ್ತದೆ. ಹಲ್ಲಿಲ್ಲದ ಸ್ಕ್ಯಾನರೇ ಗತಿ. ಸುರುಳಿಯ ಮೊದಲು, ನಡು, ಕೊನೆ ಮೂರೂ ಕಡೆ ಅಳೆಯಿರಿ. ಕುಗ್ಗುವಿಕೆ ಎಲ್ಲ ಕಡೆ ಒಂದೇ ಸಮನಿರುವುದಿಲ್ಲ.

ಸ್ಕ್ಯಾನ್ ಆದ ಮೇಲೆ ಧ್ವನಿ. 35 ಎಂಎಂನಲ್ಲಿ ಧ್ವನಿಪಥ (ಫಿಲ್ಮಿನ ಅಂಚಿನ ಧ್ವನಿಯ ಗೆರೆ) ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತದೆ, 16 ಎಂಎಂನಲ್ಲಿ 26. ಇದನ್ನು ಸರಿಪಡಿಸದಿದ್ದರೆ ಧ್ವನಿ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಗ ಬರುತ್ತದೆ. ಕಥಾಚಿತ್ರದಲ್ಲಿ ತುಟಿ ನೋಡಿದರೆ ತಪ್ಪು ತಿಳಿಯುತ್ತದೆ. ಪೂರ್ತಿ ನಿರೂಪಣೆಯೇ ಇರುವ ಇಂಥ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಸುತ್ತಿಗೆಯ ಏಟು, ಬಾಗಿಲು ಬಡಿತ, ಸ್ಫೋಟ ಹುಡುಕಿ ಕನಿಷ್ಠ ಎರಡು ಕಡೆ ತಾಳೆ ನೋಡುತ್ತೇನೆ. ಮೊದಲ ಕಡೆ ಸರಿಯಿದ್ದು ಎರಡನೆಯ ಕಡೆ ತಪ್ಪಿದರೆ, ನಡುವೆ ಹರಿದು ಅಂಟಿಸಿದ ಜಾಗದಲ್ಲಿ ಫ್ರೇಮ್ ಕಳೆದಿದೆಯೇ ಎಂದು ಹುಡುಕುವುದು ಮುಂದಿನ ಕೆಲಸ.

ಕೊನೆಗೆ ದಾಖಲೆಯಲ್ಲಿ ಚಿತ್ರೀಕರಿಸಿದ ಇಸವಿ, ಸಂಕಲಿಸಿದ ಇಸವಿ, ಈ ಪ್ರಿಂಟ್ ತೆಗೆದ ಇಸವಿ ಎಂದು ಮೂರು ಅಂಕಣ ಇಡುತ್ತೇನೆ. ಚೀಟಿಯಲ್ಲಿದ್ದ ಇಸವಿಗೆ ನಾಲ್ಕನೆಯ ಅಂಕಣ. ಫಿಲ್ಮಿನಿಂದಲೇ ಸಿಗದದ್ದನ್ನು ಖಾಲಿ ಬಿಡುತ್ತೇನೆ.