ಇಳಿಹೊತ್ತಿನಲ್ಲಿ ಮೈಸೂರು ಅರಮನೆಯ ಆಸುಪಾಸು ನಡೆಯುವ ಬಗೆ

ಮೈಸೂರಿಗೆ ಬರುವವರಲ್ಲಿ ಅನೇಕರು ಅರಮನೆಯನ್ನು ಸಂಜೆಗೆಂದೇ ಇಟ್ಟುಕೊಳ್ಳುತ್ತಾರೆ. ಬಿಸಿಲು ಇಳಿದಿರುತ್ತದೆ, ಗಾಳಿ ತಂಪಾಗಿರುತ್ತದೆ, ದೀಪ ಹತ್ತುವುದನ್ನೂ ನೋಡಿಕೊಂಡು ಹೊರಡಬಹುದು ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ, ಆದರೆ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿರುತ್ತದೆ: ಅಂಬಾವಿಲಾಸ ಎಂದೂ ಕರೆಯುವ ಈ ಅರಮನೆಯ ಮುಖ ಪೂರ್ವಕ್ಕಿದೆ. ಮಧ್ಯಾಹ್ನ ಕಳೆದಂತೆ ಸೂರ್ಯನು ಅದರ ಬೆನ್ನಿಗೆ ಸರಿಯುವುದರಿಂದ ಐದು ಗಂಟೆಯ ಹೊತ್ತಿಗೆ ಮುಂಭಾಗವೆಲ್ಲ ನೆರಳಿನಲ್ಲಿರುತ್ತದೆ. ನಾನು ಮೊದಲ ಸಲ ಕ್ಯಾಮೆರಾ ಹಿಡಿದು ಹೋದಾಗ ಈ ಸಣ್ಣ ಸಂಗತಿ ತಿಳಿಯದೆ, ಬೆಳಗುವ ಆಕಾಶದ ಮುಂದೆ ಕಪ್ಪಗೆ ನಿಂತ ಗುಮ್ಮಟಗಳ ಚಿತ್ರಗಳನ್ನಷ್ಟೇ ತೆಗೆದುಕೊಂಡು ಬಂದಿದ್ದೆ. ಆದುದರಿಂದ ಕಟ್ಟಡಗಳ ಪಟ್ಟಿಗಿಂತ ಬೆಳಕಿನ ದಾರಿಯನ್ನು ಅನುಸರಿಸಿ ಈ ನಡಿಗೆಯನ್ನು ಹೊಂದಿಸಿಕೊಳ್ಳುವುದು ಮೇಲು. ಅರಮನೆಯ ಮುಂಭಾಗದ ಚಿತ್ರವೇ ಬೇಕೆನ್ನುವವರು ಇನ್ನೊಂದು ದಿನ ಬೆಳಿಗ್ಗೆ ಬರಬೇಕು.

ಒಟ್ಟು ದಾರಿ ಮೂರು ಕಿಲೋಮೀಟರಿನ ಆಸುಪಾಸು. ಒಳಾಂಗಣವನ್ನೂ ಸೇರಿಸಿಕೊಂಡರೆ ನಾಲ್ಕು ಗಂಟೆ ಬೇಕು. ಮೂರು ಗಂಟೆಗೆ ಆರಂಭಿಸುವುದು ಸೂಕ್ತ, ಏಕೆಂದರೆ ಅರಮನೆಯ ಒಳಗಿನ ವೀಕ್ಷಣೆ ಸಂಜೆ ಐದೂವರೆಗೆ ಮುಗಿಯುತ್ತದೆ. ಟಿಕೆಟ್ ಪಡೆದು ಒಳಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಅರಮನೆಯೊಳಗೂ ದೇವಾಲಯಗಳಲ್ಲೂ ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾಗುವುದರಿಂದ ದಾರ ಕಟ್ಟುವ ಬೂಟುಗಳಿಗಿಂತ ಸುಲಭವಾಗಿ ಕಳಚುವ ಚಪ್ಪಲಿಗಳೇ ವಾಸಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಲ್ಲುಹಾಸು ಸಂಜೆಯವರೆಗೂ ಸುಡುತ್ತಿರುತ್ತದೆ. ಜೇಬಿನಲ್ಲೊಂದು ಜೊತೆ ಕಾಲುಚೀಲ ಇಟ್ಟುಕೊಂಡವರು ಪಶ್ಚಾತ್ತಾಪಪಡುವುದಿಲ್ಲ.

ಒಳಗೆ ಹೋದ ಮೇಲೆ ಎಲ್ಲವನ್ನೂ ಒಂದೇ ಸಮನೆ ನೋಡುವ ಅಗತ್ಯವಿಲ್ಲ. ಗೊಂಬೆ ತೊಟ್ಟಿಯನ್ನು ಹತ್ತು ನಿಮಿಷಗಳಲ್ಲಿ ದಾಟಿ, ಉಳಿಸಿದ ಸಮಯವನ್ನು ಕಲ್ಯಾಣ ಮಂಟಪಕ್ಕೆ ಕೊಡಿ. ಈ ಎಂಟು ಮೂಲೆಯ ಮಂಟಪದ ಮೇಲ್ಛಾವಣಿ ನವಿಲುಗಳ ಚಿತ್ತಾರವಿರುವ ಬಣ್ಣದ ಗಾಜಿನದು. ಸೂರ್ಯ ಇನ್ನೂ ಮೇಲಿರುವಾಗ ಮಾತ್ರ ಅದರ ನೀಲಿ ಹಸಿರುಗಳಿಗೆ ಜೀವ ಬರುತ್ತದೆ, ಮೋಡ ಕವಿದ ದಿನ ಅದು ಮಂಕಾಗಿಯೇ ಕಾಣುತ್ತದೆ. ಗಾಜನ್ನು ಹೊತ್ತು ನಿಂತಿರುವ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದವು. ಅರಮನೆಯಲ್ಲಿ ಇಷ್ಟೊಂದು ಕಬ್ಬಿಣ, ಕಲ್ಲು ಏಕೆ ಎಂದು ಯೋಚಿಸುವವರು 1897ರ ಬೆಂಕಿಯನ್ನು ನೆನೆಯಬೇಕು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಗ ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು; ಸುಮಾರು 41.5 ಲಕ್ಷ ರೂಪಾಯಿ ವೆಚ್ಚದಲ್ಲಿ ಅದು 1912ರಲ್ಲಿ ಪೂರ್ಣಗೊಂಡಿತು.

ಇದೇ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ವರ್ಣಚಿತ್ರಗಳ ಸಾಲೊಂದಿದೆ. 1930ರ ಸುಮಾರಿನ ಮೆರವಣಿಗೆಯ ಛಾಯಾಚಿತ್ರಗಳನ್ನು ಆಧರಿಸಿ ಬರೆದ ಈ ಚಿತ್ರಗಳನ್ನು ಹೆಚ್ಚಿನವರು ನಡೆಯುತ್ತಲೇ ನೋಡಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಇಲ್ಲಿ ಕಾಣುವ ಬೀದಿಗಳಲ್ಲಿಯೇ ಇನ್ನೆರಡು ಗಂಟೆಗಳಲ್ಲಿ ನೀವು ನಡೆಯಲಿರುವುದರಿಂದ, ಎರಡು ಮೂರು ಚಿತ್ರಗಳ ಮುಂದಾದರೂ ನಿಂತು ಆನೆಗಳ, ಸೈನಿಕರ, ಉಪ್ಪರಿಗೆಗಳ ಮೇಲೆ ನೆರೆದ ಜನರ ಹಿಂದೆ ಯಾವ ಕಟ್ಟಡಗಳು ನಿಂತಿವೆ ಎಂಬುದನ್ನು ಗಮನಿಸಿಟ್ಟುಕೊಳ್ಳಿ. ಅಲ್ಲಿಂದ ಮೇಲಿನ ಸಾರ್ವಜನಿಕ ದರ್ಬಾರ್ ಸಭಾಂಗಣಕ್ಕೆ ಹೋದರೆ, ಪೂರ್ವಕ್ಕೆ ತೆರೆದುಕೊಂಡಿರುವ ಆ ವಿಶಾಲವಾದ ಜಾಗ ಈ ಹೊತ್ತಿನಲ್ಲಿ ಪೂರ್ತಿ ನೆರಳಾಗಿರುತ್ತದೆ. ಎದುರಿನ ಅಂಗಳವೂ ಆಚೆಗಿನ ಚಾಮುಂಡಿ ಬೆಟ್ಟವೂ ಮಾತ್ರ ಬಿಸಿಲಿನಲ್ಲಿರುತ್ತವೆ. ಸಂಜೆಯ ಹೊತ್ತು ಅರಮನೆಯನ್ನು ನೋಡುವುದಕ್ಕಿಂತ ಅರಮನೆಯಿಂದ ಹೊರಗೆ ನೋಡುವುದೇ ಚೆಂದ ಎಂದು ನನಗೆ ಅನ್ನಿಸಿದ್ದು ಇಲ್ಲಿ ನಿಂತಾಗ. ನಂತರ ಸಿಗುವ, ಅಂಬಾವಿಲಾಸವೆಂದೇ ಹೆಸರಿರುವ ಖಾಸಗಿ ದರ್ಬಾರ್ ಸಭಾಂಗಣದ ಕುಸುರಿ ಕೆಲಸವನ್ನು ಜನಸಂದಣಿ ಬಿಟ್ಟಷ್ಟು ನೋಡಿ ಕೆಳಗಿಳಿಯಿರಿ.

ನಾಲ್ಕೂಮುಕ್ಕಾಲು, ಐದರ ಹೊತ್ತಿಗೆ ಹೊರಗಿನ ಅಂಗಳದಲ್ಲಿರುವಂತೆ ನೋಡಿಕೊಳ್ಳಬೇಕು. ಕೋಟೆಯೊಳಗಿನ ದೇವಾಲಯಗಳು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ, ಹಾಗಾಗಿ ಮೂರು ಗಂಟೆಗೇ ಅವುಗಳ ಬಾಗಿಲಿಗೆ ಹೋಗಿ ನಿಂತರೆ ಪ್ರಯೋಜನವಿಲ್ಲ. ಒಂದೇ ಒಂದನ್ನು ನೋಡುವಷ್ಟು ಸಮಯವಿದ್ದರೆ ವರಾಹ ದ್ವಾರದ ಬಳಿಯ ಶ್ವೇತವರಾಹಸ್ವಾಮಿ ದೇವಾಲಯವನ್ನು ಆರಿಸಿಕೊಳ್ಳಿ. ಮೂರ್ತಿಯನ್ನು ಚಿಕ್ಕದೇವರಾಜ ಒಡೆಯರು ತಮಿಳು ನಾಡಿನ ಶ್ರೀಮುಷ್ಣದಿಂದ ತರಿಸಿದರೆಂದು ಹೇಳುತ್ತಾರೆ. ಈಗಿನ ಗುಡಿಯನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಅವರು ಶಿವಮೊಗ್ಗ ಪ್ರಾಂತದ ಹೊಯ್ಸಳ ಕಟ್ಟಡವೊಂದರ ಭಾಗಗಳನ್ನು ಇದಕ್ಕೆ ಬಳಸಿದರು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ದೇವಾಲಯದೊಳಗೆ ಹೊಯ್ಸಳರ ಕಂಬಗಳೂ ಬಾಗಿಲುವಾಡವೂ ಸಿಗುತ್ತವೆ. ಬೇಲೂರು, ಹಳೇಬೀಡುಗಳನ್ನು ನೋಡಿ ಬಂದವರ ಕಣ್ಣಿಗೆ ಕಂಬಗಳ ತಿರುಗಣೆಯ ನುಣುಪು ಥಟ್ಟನೆ ಗುರುತು ಸಿಗುತ್ತದೆ. ಹೊರಬಂದು ಗೋಪುರವನ್ನು ಪಕ್ಕದಿಂದ ನೋಡಿ: ಓರೆ ಬಿಸಿಲು ಒಂದು ಬದಿಗೆ ಮಾತ್ರ ಬೀಳುವುದರಿಂದ ಗಾರೆಯ ಬೊಂಬೆಗಳ ಉಬ್ಬುತಗ್ಗುಗಳು ನಡುಹಗಲಿಗಿಂತ ಎಷ್ಟೋ ಸ್ಪಷ್ಟವಾಗಿರುತ್ತವೆ.

ಅಂಗಳದ ಉತ್ತರ ಭಾಗದಲ್ಲಿ ಇದಕ್ಕೆ ಜೋಡಿಯೆಂಬಂತೆ ನಿಂತಿರುವುದು ಭುವನೇಶ್ವರಿ ದೇವಾಲಯ. ನೋಡಿದರೆ ಹಳೆಯದೆಂದೇ ತೋರುವ ಈ ಗುಡಿಯನ್ನು ಜಯಚಾಮರಾಜೇಂದ್ರ ಒಡೆಯರು ಕಟ್ಟಿಸಿದ್ದು 1951ರಲ್ಲಿ, ಅಂದರೆ ಮೈಸೂರು ಸಂಸ್ಥಾನವು ಭಾರತದೊಂದಿಗೆ ವಿಲೀನಗೊಂಡ ಮೇಲೆ. ರಾಜ್ಯ ಕೈಬಿಟ್ಟ ಮೇಲೂ ಅಂಗಳದ ಸಮತೋಲ ಪೂರ್ಣವಾಗಬೇಕೆಂದು ಬಯಸಿದ ಅರಸರ ಅಭಿರುಚಿಯನ್ನು ನಾನು ಮೆಚ್ಚುತ್ತೇನೆ. ತ್ರಿನೇತ್ರನ ಗುಡಿ, ಪ್ರಸನ್ನ ಕೃಷ್ಣಸ್ವಾಮಿ ಮತ್ತು ಲಕ್ಷ್ಮೀರಮಣಸ್ವಾಮಿ ದೇವಾಲಯಗಳೂ ಕೋಟೆಯೊಳಗಿವೆ. ಭಕ್ತಿಯಿಂದ ಬಂದವರು ಎಲ್ಲಕ್ಕೂ ಹೋಗಲಿ, ನಡಿಗೆಗೆಂದು ಬಂದವರಿಗೆ ಎರಡು ಸಾಕು.

ಐದೂವರೆಯ ಸುಮಾರಿಗೆ ಹೊರಬಿದ್ದು ಕೋಟೆಯ ಗೋಡೆಯನ್ನು ಎಡಕ್ಕಿಟ್ಟುಕೊಂಡು ಪೂರ್ವದ ಕಡೆಗೆ ಸುತ್ತಿರಿ. ಹೊರಗೆ ಟಾಂಗಾದವರು ಕರೆಯುತ್ತಾರೆ. ಜೊತೆಯಲ್ಲಿ ಹಿರಿಯರಿದ್ದರೆ ದರವನ್ನೂ ಇಳಿಯುವ ಜಾಗವನ್ನೂ ಮೊದಲೇ ಮಾತಾಡಿಕೊಂಡು ಅವರನ್ನು ಟಾಂಗಾದಲ್ಲಿ ಕೂರಿಸಿ, ದೊಡ್ಡ ಗಡಿಯಾರದ ಬಳಿ ಭೇಟಿಯಾಗುವುದು ಒಳ್ಳೆಯ ಏರ್ಪಾಡು. ನಡೆಯುವವರಿಗೆ ಪೂರ್ವದಲ್ಲಿ ಜಯಮಾರ್ತಾಂಡ ದ್ವಾರ ಸಿಗುತ್ತದೆ. ಎದುರಿಗಿರುವ ಬಯಲು ಒಂದು ಕಾಲದಲ್ಲಿ ಕೆರೆಯಾಗಿತ್ತು. ದೊಡ್ಡಕೆರೆ ಮೈದಾನವೆಂಬ ಹೆಸರು ಮಾತ್ರ ಈಗ ಉಳಿದಿದೆ. ಈ ದ್ವಾರದ ಮುಂದೆ ಐದು ನಿಮಿಷ ನಿಂತರೆ ಮೊದಲು ನಾನು ದೂರಿದ ಬೆಳಕೇ ಉಪಕಾರಿಯಾಗುತ್ತದೆ. ಕಮಾನಿನೊಳಗಿಂದ ಕಾಣುವ ಅರಮನೆಯ ವಿವರಗಳೆಲ್ಲ ಅಳಿಸಿ, 145 ಅಡಿ ಎತ್ತರದ ನಡುಗೋಪುರವೂ ಸುತ್ತಲಿನ ಗುಮ್ಮಟಗಳೂ ಬರೀ ಆಕಾರಗಳಾಗಿ ಉಳಿಯುತ್ತವೆ.

ಇಲ್ಲಿಂದ ಮುಂದಿನ ಭಾಗ ವೃತ್ತಗಳದ್ದು, ಮತ್ತು ಈ ನಡಿಗೆಯಲ್ಲಿ ನನಗೆ ತುಂಬ ಇಷ್ಟವಾದದ್ದೂ ಇದೇ. ಈಶಾನ್ಯ ಮೂಲೆಯ ವೃತ್ತವನ್ನು ಹಳಬರು ಇನ್ನೂ ಹಾರ್ಡಿಂಜ್ ಸರ್ಕಲ್ ಎಂದೇ ಕರೆಯುತ್ತಾರೆ. ಅಲ್ಲಿರುವುದು ಜಯಚಾಮರಾಜೇಂದ್ರ ಒಡೆಯರ ಪ್ರತಿಮೆ. ಅಲ್ಲಿಂದ ಕರ್ಜನ್ ಪಾರ್ಕಿನ ಪಕ್ಕದಲ್ಲಿ ಪಶ್ಚಿಮಕ್ಕೆ ನಡೆದರೆ ಅರಮನೆಯ ಉತ್ತರ ದ್ವಾರದ ಎದುರು, ಚಿನ್ನದ ಬಣ್ಣದ ಗುಮ್ಮಟವಿರುವ ಮಂಟಪದ ಕೆಳಗೆ, ಹತ್ತನೆಯ ಚಾಮರಾಜೇಂದ್ರ ಒಡೆಯರು ನಿಂತಿದ್ದಾರೆ. ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಕೆ.ಆರ್. ವೃತ್ತದಲ್ಲಿ ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು. ಮೊಮ್ಮಗ, ಅಜ್ಜ, ಮಗ, ಹೀಗೆ ಮೂರು ತಲೆಮಾರನ್ನು ಹದಿನೈದು ನಿಮಿಷಗಳಲ್ಲಿ ದಾಟಿಬಿಡುತ್ತೀರಿ. ಪಶ್ಚಿಮಕ್ಕೆ ನಡೆಯುವಾಗ ಮುಳುಗುವ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಾನೆ, ವಾಹನ ಸವಾರರಿಗೂ ಅದೇ ಪಾಡು. ರಸ್ತೆ ದಾಟುವಾಗ ಅವರಿಗೆ ನೀವು ಕಾಣುತ್ತಿದ್ದೀರಿ ಎಂದು ನಂಬಿಕೊಳ್ಳಬಾರದು.

ಚಾಮರಾಜ ವೃತ್ತದಲ್ಲಿ ನಿಂತು ಉತ್ತರ ದ್ವಾರದತ್ತ ತಿರುಗಿದರೆ ಕಾಣುವುದು ಬಲರಾಮ ದ್ವಾರ. ವಿಜಯದಶಮಿಯಂದು ನಂದಿಧ್ವಜಕ್ಕೆ ಪೂಜೆ ನಡೆಯುವುದೂ, 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಊರಿಗೆ ಕಾಲಿಡುವುದೂ ಇಲ್ಲಿಯೇ. ಕಲ್ಯಾಣ ಮಂಟಪದ ಚಿತ್ರಗಳನ್ನು ನಿಧಾನವಾಗಿ ನೋಡಿದ್ದವರಿಗೆ ಈಗ ಅದರ ಪ್ರತಿಫಲ. ವೃತ್ತದ ಉತ್ತರಕ್ಕೆ ದೊಡ್ಡ ಗಡಿಯಾರವಿದೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು, ತಲೆಯೆತ್ತಿ ಓದಿ. ಪಕ್ಕದ ಪುರಭವನವು ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದ 1881ರಲ್ಲಿ ದಿವಾನರಾಗಿದ್ದ ರಂಗಾಚಾರ್ಲು ಅವರ ಸ್ಮಾರಕ.

ಕೆ.ಆರ್. ವೃತ್ತದ ಬಳಿ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಸಾಲು ಸಿಗುತ್ತದೆ. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ ಈ 1892ರ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಶಿಥಿಲವಾದ ಗೋಡೆಗಳಿಂದ ದೂರವಿದ್ದು ನೋಡಿ. ಮಾರುಕಟ್ಟೆಯ ಒಳಗೆ ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆದುಕೊಡುತ್ತಾರೆ. ಗೋಪುರದಂತೆ ಪೇರಿಸಿದ ಕುಂಕುಮದ ರಾಶಿಗಳ ಚಿತ್ರ ತೆಗೆಯುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳುವುದು ಮರ್ಯಾದೆ. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ, ಮೈಸೂರು ಪಾಕನ್ನು ಮೊದಲು ಮಾಡಿದರೆನ್ನಲಾದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶಸ್ಥರ ಸಣ್ಣ ಅಂಗಡಿಯಿದೆ. ಅಲ್ಲಿಯ ಪಾಕನ್ನು ಬಿಸಿಯಿರುವಾಗಲೇ ತಿನ್ನಬೇಕು, ಡಬ್ಬಿಯಲ್ಲಿ ಮನೆಗೆ ಒಯ್ದದ್ದು ಬೇರೆಯೇ ರುಚಿ.

ಇನ್ನು ದೀಪದ ವಿಷಯ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳರ ಸುಮಾರಿಗೆ ಅರಮನೆಯ ಒಂದು ಲಕ್ಷಕ್ಕೆ ಸಮೀಪದ ಬಲ್ಬುಗಳು ಒಮ್ಮೆಲೇ ಹತ್ತಿ ಮುಕ್ಕಾಲು ಗಂಟೆಯಷ್ಟು ಉರಿಯುತ್ತವೆ. ದಸರಾ ದಿನಗಳಲ್ಲಿ ಪ್ರತಿ ರಾತ್ರಿಯೂ ಇದೆ. ಆದರೆ ಭಾನುವಾರದ ಮಧ್ಯಾಹ್ನ ಒಳಾಂಗಣದಲ್ಲಿ ಜನರ ಬೆನ್ನುಗಳೇ ಹೆಚ್ಚು ಕಾಣುವುದರಿಂದ, ಅಂದು ಬರುವವರು ಅರಮನೆಯ ಒಳಭಾಗವನ್ನು ಬಿಟ್ಟು ನಾಲ್ಕೂವರೆಗೆ ದೇವಾಲಯಗಳಿಂದಲೇ ಆರಂಭಿಸಲಿ. ತಿಂಗಳೂ ಮುಖ್ಯ. ಮೈಸೂರಿನಲ್ಲಿ ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಮಳೆ ಬಿಡುವು ಕೊಟ್ಟರೆ ದೀಪ ಹತ್ತುವಾಗ ಆಕಾಶ ಇನ್ನೂ ನೀಲಿಯಾಗಿದ್ದು ಗುಮ್ಮಟಗಳ ಗುಲಾಬಿ ಬಣ್ಣ ಮಾಸಿರುವುದಿಲ್ಲ. ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಮುಳುಗಿ, ಏಳಕ್ಕೆ ಪೂರ್ತಿ ಕತ್ತಲೆ. ಆಗ ಕಾಣುವುದು ದೀಪದ ಗೆರೆಗಳು ಮಾತ್ರ.

ಮಾರುಕಟ್ಟೆಯಿಂದ ಆರೂವರೆಗೆ ಹೊರಟರೆ ಸಮಯಕ್ಕೆ ಸರಿಯಾಗಿ ಅಂಗಳ ಸೇರಬಹುದು. ಅಂದು ಯಾವ ದ್ವಾರ ತೆರೆದಿದೆ ಎಂಬುದನ್ನು ಕಾವಲಿನವರಲ್ಲಿ ಕೇಳಿಕೊಂಡೇ ಸಾಲಿಗೆ ನಿಲ್ಲಿ. ಅರಮನೆಯ ನೇರ ಎದುರಿಗೆ ನುಗ್ಗುವುದಕ್ಕಿಂತ ಅಂಗಳದ ಪೂರ್ವದ ಅಂಚಿನಲ್ಲಿ, ಜಯಮಾರ್ತಾಂಡ ದ್ವಾರಕ್ಕೆ ಬೆನ್ನು ಕೊಟ್ಟು ನಿಂತರೆ ಇಡೀ ಅಗಲ ಕಣ್ಣಿಗೆ ಸಿಗುತ್ತದೆ. ದೀಪ ಆರಿದ ಕ್ಷಣವೇ ಎಲ್ಲರೂ ದ್ವಾರದ ಕಡೆ ಹೊರಡುತ್ತಾರೆ. ಹತ್ತು ನಿಮಿಷ ಅಲ್ಲಿಯೇ ನಿಂತು, ಹೊರಗೆ ಚುರುಮುರಿ ಮಾರುವವರ ಮುಂದಿನ ಗುಂಪು ಕರಗಿದ ಮೇಲೆ, ಕೆ.ಆರ್. ವೃತ್ತದ ಪಕ್ಕದ ನಗರ ಬಸ್ ನಿಲ್ದಾಣದತ್ತ ನಡೆಯಿರಿ.