ಬಾಡಿಗೆ ಕಟ್ಟಿದ್ದರೂ ಸಾಮಾನು ಬಿಡಲಿಲ್ಲ: ನನ್ನ ಅನುಭವ

ಬೆಂಗಳೂರು ಬಿಟ್ಟು ಚಿಕ್ಕಮಗಳೂರಿಗೆ ಬರುವಾಗ ಮನೆ ಸಾಮಾನನ್ನು ಅಲ್ಲಿನ ಒಂದು ಸ್ಟೋರೇಜ್ ಕಂಪನಿಯಲ್ಲಿ ಇಟ್ಟಿದ್ದೆ. ಬಾಡಿಗೆ ಯುಪಿಐನಲ್ಲಿ ಸರಿಯಾಗಿ ಹೋಗುತ್ತಿತ್ತು. ಸಾಮಾನು ತರಲು ಹೊರಟಾಗ, "ಬಾಕಿ ಇದೆ, ದಂಡ ಸೇರಿಸಿ ಕಟ್ಟಿ, ಇಲ್ಲದಿದ್ದರೆ ಹರಾಜು" ಎಂದರು.

ಫೋನಿನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಪ್ರತಿ ಸಲ ಬೇರೆಯವರು ಎತ್ತುತ್ತಾರೆ, ಕಥೆ ಮೊದಲಿಂದ ಹೇಳಬೇಕು. ಅದಕ್ಕೇ ಎಲ್ಲವನ್ನೂ ಇಮೇಲ್‌ಗೆ ತಂದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಪ್ರತಿ ಪಾವತಿಯ ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಸಿಗುವ ಗುರುತಿನ ಸಂಖ್ಯೆ) ಹಾಕಿದೆ. ಯಾವ ತಿಂಗಳು ಬಾಕಿ? ಈ ದಂಡ ಕರಾರಿನಲ್ಲಿ ಎಲ್ಲಿದೆ? ಇಷ್ಟೇ ಕೇಳಿದೆ. ತಕರಾರು ಮುಗಿಯುವವರೆಗೆ ಸಾಮಾನು ಮುಟ್ಟಬೇಡಿ ಎಂದೂ ಬರೆದೆ. ಸುಮ್ನೆ ಸ್ಕ್ರೀನ್‌ಶಾಟ್ ಕಳಿಸುವುದಕ್ಕಿಂತ ಯುಟಿಆರ್ ಗಟ್ಟಿ. ಅದನ್ನು ಹಿಡಿದು ಅವರ ಬ್ಯಾಂಕಿನಲ್ಲೇ ಹುಡುಕಬಹುದು, ಅಲ್ವಾ?

ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರನ್ನು ಕಂಪನಿಗೆ ಕಳಿಸಿ ಇನ್ನೊಂದು ವಿಷಯ ಸೇರಿಸಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು. ಬೆಂಗಳೂರಿಗೆ ನಾನು ಅಲೆಯಬೇಕಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಆಮೇಲೆ ಚುರುಕಾದರು. ನನ್ನ ಹಣ ಇನ್ಯಾರದೋ ಲೆಕ್ಕಕ್ಕೆ ಜಮೆ ಆಗಿತ್ತಂತೆ! ದಂಡ ಬಿಟ್ಟರು. 'ಬಾಕಿ ಇಲ್ಲ' ಎಂದು ಬರೆಸಿಕೊಂಡೇ ಗಾಡಿ ಕಳಿಸಿದೆ.

ನಮ್ಮ ಕಡೆಯವರು ಗಮನಿಸಿ, ಇದು ಮನೆ ಸಾಮಾನಿನ ಮಾತು. ವ್ಯಾಪಾರಕ್ಕೆಂದು ಗೋದಾಮಿನಲ್ಲಿಟ್ಟ ಕಾಫಿ ಮೂಟೆಯಾದರೆ ಅದು ವಾಣಿಜ್ಯ ಉದ್ದೇಶ, ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಆಗ ಮೊದಲು ವಕೀಲರನ್ನು ಕೇಳಿ.