ಕೂಸಿನ ಮೈಮೇಲೆ ಕೆಂಪು ಗಂಟು: ಆರನೇ ವಾರದ ಲಸಿಕೆಗೆ ಹೋದಾಗಲೇ ತೋರಿಸಿ

ಹುಟ್ಟಿದಾಗ ಕಾಣದ ಕೆಂಪು ಚುಕ್ಕಿ ಎರಡನೇ ವಾರಕ್ಕೆ ಮೂಡಿ, ದಿನೇ ದಿನೇ ಉಬ್ಬುತ್ತಿದ್ದರೆ ಅದು ಬಹುತೇಕ ಹೆಮಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು. ಕ್ಯಾನ್ಸರ್ ಅಲ್ಲ. ಗ್ರಹಣದಿಂದ ಬಂದದ್ದೂ ಅಲ್ಲ, ಬಾಣಂತಿಯನ್ನು ದೂರಬೇಡಿ.

ಮೊದಲು ಗುರುತು ಹಿಡಿಯಿರಿ, ಎಲ್ಲ ಕೆಂಪು ಕಲೆಯೂ ಹೆಮಾಂಜಿಯೋಮ ಅಲ್ಲ. ರೆಪ್ಪೆ, ಹಣೆ, ಹಿಂಗತ್ತಿನ ಮೇಲೆ ಹುಟ್ಟಿನಿಂದಿರುವ ಚಪ್ಪಟೆ ನಸುಗೆಂಪು ಕಲೆ ಒತ್ತಿದರೆ ಬಿಳಿಚುತ್ತದೆ, ಕೂಸು ಅತ್ತರೆ ಗಾಢವಾಗುತ್ತದೆ. ರೆಪ್ಪೆಯದು ಒಂದೆರಡು ವರ್ಷದಲ್ಲಿ ಮಾಸುತ್ತದೆ. ಹಿಂಗತ್ತಿನದು ಉಳಿದರೂ ತೊಂದರೆಯಿಲ್ಲ. ಮುಖದ ಒಂದೇ ಬದಿಗೆ ಹರಡಿದ ಕಡುಗೆಂಪು ಕಲೆ ಬೇರೆ. ಅದು ತಾನಾಗಿ ಹೋಗುವುದಿಲ್ಲ, ಹಣೆ-ರೆಪ್ಪೆಯಲ್ಲಿದ್ದರೆ ಕಣ್ಣಿನ ಒತ್ತಡವನ್ನೂ ನೋಡಿಸಬೇಕು.

ಗಂಟು ಅತಿ ವೇಗವಾಗಿ ಬೆಳೆಯುವುದು 5ರಿಂದ 8ನೇ ವಾರದೊಳಗೆ. ಆಶಾ ಕಾರ್ಯಕರ್ತೆ 42ನೇ ದಿನ ಮನೆಗೆ ಬರುವುದೂ, ಆರನೇ ವಾರದ ಲಸಿಕೆಯೂ ಇದೇ ಹೊತ್ತಿಗೆ. 'ವರ್ಷ ತುಂಬಲಿ, ನೋಡೋಣ' ಎಂದರೆ ಔಷಧಕ್ಕೆ ಒಳ್ಳೆಯ ಕಾಲ ಕೈತಪ್ಪುತ್ತದೆ. ವಾರಕ್ಕೊಮ್ಮೆ ಕಿಟಕಿ ಬೆಳಕಿನಲ್ಲಿ, ಪಕ್ಕಕ್ಕೆ ದರ್ಜಿಯ ಟೇಪು ಹಿಡಿದು ಫೋಟೊ ತೆಗೆಯಿರಿ. ವೈದ್ಯರಿಗೆ ಬೆಳವಣಿಗೆ ತಿಳಿಯುವುದು ಅದರಿಂದಲೇ.

ಗಾತ್ರಕ್ಕಿಂತ ಜಾಗ ಮುಖ್ಯ. ರೆಪ್ಪೆಯ ಸಣ್ಣ ಗಂಟೂ ದೃಷ್ಟಿ ಕೆಡಿಸಬಲ್ಲದು. ಗದ್ದ, ದವಡೆ, ಕುತ್ತಿಗೆಯ ಮುಂಭಾಗದಲ್ಲಿ ಹರಡಿದ್ದರೆ ಶ್ವಾಸನಾಳದಲ್ಲೂ ಇರಬಹುದು. ಉಸಿರಲ್ಲಿ ಗೊರಗೊರ ಶಬ್ದ ಬಂದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ತುಟಿ ಮತ್ತು ಲಂಗೋಟಿ ಕಟ್ಟುವ ಜಾಗದಲ್ಲಿ ಹುಣ್ಣಾಗುವುದು ಹೆಚ್ಚು. ಸೊಂಟದ ಹಿಂಬದಿಯ ನಡುವೆ ಇದ್ದರೆ ಬೆನ್ನುಹುರಿ ಪರೀಕ್ಷೆ ಬೇಕು. ಮೈಮೇಲೆ ಐದು ಅಥವಾ ಹೆಚ್ಚಿದ್ದರೆ ಲಿವರ್ ಸ್ಕ್ಯಾನ್ ಮಾಡಿಸಬೇಕು. ಇಂಥವಕ್ಕೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ.

ಬರೆ, ಸುಣ್ಣ, ದಾರ ಕಟ್ಟುವುದು ಖಂಡಿತ ಬೇಡ. ಮೇಲಿನ ಚರ್ಮ ತೆಳು. ಸುಟ್ಟರೆ ಹುಣ್ಣಾಗಿ, ಕೀವು ತುಂಬಿ, ಜೀವನಪೂರ್ತಿ ಕಲೆ ಉಳಿಯುತ್ತದೆ. ರಕ್ತ ಬಂದರೆ ಶುಭ್ರ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.

ಚಿಕಿತ್ಸೆ ಬೇಕಾದಾಗ ಕೊಡುವ ಔಷಧ ಪ್ರೊಪ್ರನೊಲಾಲ್. 2008ರಲ್ಲಿ ಫ್ರಾನ್ಸಿನ ವೈದ್ಯರು ಇದರ ಗುಣ ಗುರುತಿಸಿದರು. ಸಾಮಾನ್ಯ ಪ್ರಮಾಣ ಕೆಜಿ ತೂಕಕ್ಕೆ ದಿನಕ್ಕೆ 2ರಿಂದ 3 ಮಿ.ಗ್ರಾಂ. ವೈದ್ಯರು ಕಡಿಮೆಯಿಂದ ಶುರುಮಾಡಿ ಏರಿಸುತ್ತಾರೆ, ದಿನದ ಪ್ರಮಾಣವನ್ನು ಭಾಗಮಾಡಿ ಕೊಡಿಸುತ್ತಾರೆ. ಅಳತೆಗೆ ಸಿರಿಂಜೇ ಬೇಕು, ಚಮಚೆ ಸಲ್ಲದು. ಹಾಲು ಕುಡಿಸದೆ ಹಾಕಿದರೆ ರಕ್ತದ ಸಕ್ಕರೆ ಇಳಿದು ಕೂಸು ಬೆವರಿ, ಮಂಕಾಗಿ, ಫಿಟ್ಸ್ ಕೂಡ ಬರಬಹುದು. ಬೇಸಿಗೆಯಲ್ಲಿ ವಾಂತಿ-ಭೇದಿಯಾದಾಗ, ಉಬ್ಬಸ ಬಂದಾಗ ಔಷಧ ತಡೆದು ವೈದ್ಯರಿಗೆ ಫೋನ್ ಮಾಡಿ. ಗಂಟು ಮಾಸಿತೆಂದು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕನಿಷ್ಠ ಆರು ತಿಂಗಳು, ಹಲವೊಮ್ಮೆ ವರ್ಷ ತುಂಬುವವರೆಗೆ ಕೊಡಬೇಕಾಗುತ್ತದೆ. ಬೇಗ ಬಿಟ್ಟರೆ ಮತ್ತೆ ಉಬ್ಬುತ್ತದೆ.